ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ

ಮಗಾ, ಹೋದ ಶುಕ್ರವಾರ ಊಟಕ್ಕೆ ಬಂದಾಗ ನೀನು ಕೇಳಿದ ಮಾತಿಗೆ ನಾನು ಎಲ್ಲರೆದುರು ಉತ್ತರ ಕೊಡಲಿಲ್ಲ. ಹುಡುಗರ ಉತ್ಸಾಹಕ್ಕೆ ನಾಲ್ಕು ಜನರ ಮುಂದೆ ಅಡ್ಡ ಮಾತಾಡಿದರೆ ಅವರು ಕಿವಿ ಮುಚ್ಚಿಕೊಂಡುಬಿಡುತ್ತಾರೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ರಜೆಯ ದಿನ ನಿಧಾನವಾಗಿ ಓದು.

ನಿನ್ನ ಜೊತೆ ಕೆಲಸ ಮಾಡುವ ಕತಾರಿ ಹುಡುಗ ಮಾರ್ಚ್‌ನಲ್ಲಿ ಕ್ಯಾಂಪಿಗೆ ಕರೆದಿದ್ದಾನೆ. ಅವರ ಮನೆಯಲ್ಲಿ ದುರ್ಬೀನು ಕೂರಿಸಿದ ರೈಫಲ್ ಇದೆ. ದುಖಾನ್ ರಸ್ತೆಯ ಆಚೆ ಬಿಲದ ಬಾಯಿಗೆ ಬಂದು ಬಿಸಿಲು ಕಾಯಿಸುವ ದಬ್ ಎಂಬ ದೊಡ್ಡ ಹಲ್ಲಿಗೆ ಮುನ್ನೂರು ಮೀಟರಿನಿಂದ ಗುರಿ ಇಡೋಣ ಎಂದಿದ್ದಾನೆ. ನೀನೋ ಅಮೆರಿಕದಲ್ಲಿ ಗ್ರೌಂಡ್‌ಹಾಗ್ ಹೊಡೆಯುವವರ ವೀಡಿಯೊಗಳನ್ನು ರಾತ್ರಿಯೆಲ್ಲ ನೋಡಿ ಗಾಳಿ, ದೂರ, ಗುಂಡಿನ ತೂಕ ಎಂದೆಲ್ಲ ಲೆಕ್ಕ ಕಲಿತಿದ್ದೀಯ. ಆ ಆಸಕ್ತಿಯನ್ನು ನಾನು ಹಳಿಯುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು: ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಗೊತ್ತಿಲ್ಲದ ಜಾಗದಲ್ಲಿ ಟ್ರಿಗರ್ ಮುಟ್ಟಬೇಡ. ಈ ದೇಶದ ಬಯಲಿನಲ್ಲಿ ಅದು ನಿನಗೂ ಗೊತ್ತಾಗದು, ನಿನ್ನ ಗೆಳೆಯನಿಗೂ ಗೊತ್ತಾಗದು.

ಕೋವಿಯ ವಿಷಯ ದೊಡ್ಡಮ್ಮನಿಗೇನು ಗೊತ್ತು ಎಂದು ನೀನು ಕೇಳುವುದಿಲ್ಲ, ನಿನ್ನ ಅಮ್ಮನೂ ನಾನೂ ಬೆಳೆದದ್ದು ಒಂದೇ ಮನೆಯಲ್ಲಿ. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು. ಊರಿಗೆ ಸುದ್ದಿ ತಿಳಿಯುತ್ತಿದ್ದುದೇ ಹಾಗೆ. ಸೆಪ್ಟೆಂಬರ್ 3ರ ಕೈಲ್‌ಮುಹೂರ್ತದ ದಿನ ಕೋವಿಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ, ದೇವರ ಕೋಣೆಯಲ್ಲಿ ಸಾಲಾಗಿಟ್ಟು, ನಳಿಗೆಗೆ ತೋಕ್‌ಪೂ ಹೂ ಸಿಕ್ಕಿಸುವ ಕೆಲಸ ನಮ್ಮಂಥ ಹೆಣ್ಣುಮಕ್ಕಳದ್ದೇ ಆಗಿತ್ತು. ಪೂಜೆಯಾಗಿ, ಕಡಂಬಿಟ್ಟು ಪಂದಿಕರಿ ಉಂಡ ಮೇಲೆ ಬಯಲಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ನಮ್ಮಲ್ಲಿ ಹೆಂಗಸರೂ ಹೊಡೆಯುತ್ತಾರೆ, ನಾನೂ ಹೊಡೆದಿದ್ದೇನೆ.

ನಿನ್ನ ಅಜ್ಜ ಸೈನ್ಯದಿಂದ ಬಂದವರು. ಪಂದ್ಯಕ್ಕೆ ಕಾಯಿ ಎಲ್ಲಿ ಇಡಬೇಕು ಎಂದು ಹೇಳುವ ಮೊದಲು ಅವರು ಆ ಜಾಗಕ್ಕೆ ನಡೆದುಹೋಗಿ ಹಿಂದಿನ ಬರೆಯನ್ನು ನೋಡಿ ಬರುತ್ತಿದ್ದರು. ಕಾಯಿಯ ಹಿಂದೆ ಆಳೆತ್ತರಕ್ಕೂ ಮೀರಿದ ಮಣ್ಣಿನ ಬರೆ ಇರಬೇಕು, ಬರೆಯ ಮೇಲೆ ಕಾಲುದಾರಿ ಇರಬಾರದು, ಬರೆಯಲ್ಲಿ ಕಲ್ಲು ಎದ್ದಿರಬಾರದು. ಕಲ್ಲಿಗೆ ತಗಲಿದ ಗುಂಡು ಎತ್ತ ಸಿಡಿಯುತ್ತದೆ ಎಂದು ಹೇಳಲಾಗದು. ಇದೆಲ್ಲ ಸರಿಯಿದ್ದರೆ ಮಾತ್ರ ಕಾಯಿ. ಸರಿಯಿಲ್ಲದ ವರ್ಷ, ಯಾರು ಎಷ್ಟೇ ಗೊಣಗಲಿ, ಪಂದ್ಯದ ಜಾಗವನ್ನೇ ಬದಲಿಸುತ್ತಿದ್ದರು. ಕೊಡಗಿನ ಗುಡ್ಡಗಳು ನಮಗೆ ಈ ಒಂದು ಉಪಕಾರ ಮಾಡಿವೆ: ಎತ್ತ ತಿರುಗಿದರೂ ಗುಂಡನ್ನು ನುಂಗಲು ಒಂದು ಮಣ್ಣಿನ ಗೋಡೆ ಇರುತ್ತದೆ.

ಆಮೇಲೆ ನಾನು ನರ್ಸ್ ಆದೆ. ಊರಿನ ಕಡೆಯ ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ ಕೋವಿಯ ಇನ್ನೊಂದು ಮುಖ ಕಂಡೆ. ರಾತ್ರಿ ಹಂದಿಗೆ ಕಾದು ಕುಳಿತವರು ಪೊದೆ ಅಲುಗಾಡಿತೆಂದು ಹೊಡೆದು, ಸಂಗಡ ಬಂದ ಅಣ್ಣತಮ್ಮನನ್ನೇ ಜೀಪಿನಲ್ಲಿ ಮಲಗಿಸಿಕೊಂಡು ಬರುತ್ತಿದ್ದರು. ಮಲೆನಾಡು, ಕೊಡಗಿನ ಪತ್ರಿಕೆಗಳಲ್ಲಿ ಇಂಥ ಸುದ್ದಿ ಇವತ್ತಿಗೂ ಬರುತ್ತಲೇ ಇದೆ. ದಶರಥ ಮಹಾರಾಜ ಆನೆ ನೀರು ಕುಡಿಯುತ್ತಿದೆ ಎಂದುಕೊಂಡು ಸದ್ದಿಗೆ ಬಾಣ ಬಿಟ್ಟ. ಅಲ್ಲಿ ನೀರು ತುಂಬುತ್ತಿದ್ದವನು ಶ್ರವಣಕುಮಾರ. ಗುರಿ ತಪ್ಪದ ಬಿಲ್ಲುಗಾರನೇ ಅವನು. ಅವನ ಕೈಯಲ್ಲಿ ದೋಷವಿರಲಿಲ್ಲ, ಎದುರಿಗೆ ಏನಿದೆ ಎಂದು ನೋಡಿರಲಿಲ್ಲ. ಆಸ್ಪತ್ರೆಗೆ ಜೊತೆಗಾರನನ್ನು ತಂದವರಲ್ಲೂ ಹೆಚ್ಚಿನವರು ಊರಿಗೆ ಹೆಸರಾದ ಈಡುಗಾರರೇ ಆಗಿದ್ದರು.

ಈಗ ನಿನ್ನ ಗ್ರೌಂಡ್‌ಹಾಗ್ ವಿಷಯಕ್ಕೆ ಬರುತ್ತೇನೆ. ಅದು ಅಳಿಲಿನ ಬಳಗದ, ನಾಲ್ಕೈದು ಕಿಲೋ ತೂಗುವ, ಬಿಲ ತೋಡಿ ಬದುಕುವ ಪ್ರಾಣಿ. ಅಮೆರಿಕದ ಪೆನ್ಸಿಲ್ವೇನಿಯ, ವರ್ಜೀನಿಯದಂಥ ಕಡೆ ಹುಲ್ಲುಗಾವಲುಗಳ ತುಂಬ ಅದರ ಬಿಲಗಳು. ಬಿಲದ ಬಾಯಲ್ಲಿ ಟ್ರ್ಯಾಕ್ಟರಿನ ಚಕ್ರ ಸಿಕ್ಕಿಕೊಳ್ಳುತ್ತದೆ, ದನದ ಕಾಲು ಮುರಿಯುತ್ತದೆ, ಸೋಯಾ ಬೆಳೆ, ತರಕಾರಿ ಹೋಗುತ್ತದೆ. ಅಲ್ಲಿನ ರೈತ ತನ್ನ ಹೊಲದಲ್ಲಿ ಅದನ್ನು ಹೊಡೆಯುತ್ತೇನೆ ಎಂದವನಿಗೆ ಬಾಗಿಲು ತೆರೆಯುತ್ತಾನೆ. ಪ್ರಾಣಿಯ ಸಂಖ್ಯೆಯೂ ಧಾರಾಳ, ಕಾನೂನಿನ ಅನುಮತಿಯೂ ಇದೆ. ಸಣ್ಣ ಗುಂಡನ್ನು ಬಹಳ ವೇಗದಲ್ಲಿ ಕಳಿಸುವ ರೈಫಲ್‌ಗಳನ್ನೇ ಈ ಕೆಲಸಕ್ಕೆಂದು ಅಲ್ಲಿ ತಯಾರಿಸಿದರು; 1935ರಲ್ಲಿ ಬಂದ .220 ಸ್ವಿಫ್ಟ್ ಅಂಥ ರೈಫಲಿನ ತೋಟೆ. ಅಲ್ಲಿಯ ಅನುಭವಿಗಳು ಏನು ಮಾಡುತ್ತಾರೆಂದು ವೀಡಿಯೊದಲ್ಲಿ ಗಮನವಿಟ್ಟು ನೋಡು. ಪ್ರಾಣಿಯ ಹಿಂದೆ ಗುಡ್ಡದ ಇಳಿಜಾರು ಇರುವಂತೆ ತಮ್ಮ ಜಾಗ ಆರಿಸಿಕೊಂಡಿರುತ್ತಾರೆ. ದಿಬ್ಬದ ನೆತ್ತಿಯ ಮೇಲೆ, ಆಕಾಶಕ್ಕೆ ಎದುರಾಗಿ ನಿಂತ ಪ್ರಾಣಿಗೆ ಅವರು ಹೊಡೆಯುವುದಿಲ್ಲ, ಎಷ್ಟು ಹತ್ತಿರವಿದ್ದರೂ ಬಿಟ್ಟುಬಿಡುತ್ತಾರೆ. ನಿನ್ನ ಅಜ್ಜನ ಬರೆಯ ಪಾಠವೇ ಅದು.

ಕತಾರಿನಲ್ಲಿ ಆ ಇಳಿಜಾರು ಎಲ್ಲಿಂದ ತರುತ್ತೀಯ? ಈ ದೇಶದ ಅತಿ ಎತ್ತರದ ಜಾಗ ದಕ್ಷಿಣದ ಕುರೈನ್ ಅಬು ಅಲ್ ಬವ್ಲ್, ಅದೂ 103 ಮೀಟರ್. ಮಿಕ್ಕಿದ್ದೆಲ್ಲ ಜಲ್ಲಿ ಹಾಸಿದ ಬಯಲು. ನೆಲ ಗಟ್ಟಿ, ಸುಣ್ಣಕಲ್ಲಿನ ಪದರ. ಕೊಡಗಿನ ಕೆಮ್ಮಣ್ಣಿನ ಹಾಗೆ ಗುಂಡನ್ನು ನುಂಗುವುದಿಲ್ಲ. ಓರೆಯಾಗಿ ಬಂದು ತಗಲಿದರೆ ಚಿಮ್ಮಿಸಿ ಮುಂದಕ್ಕೆ ಕಳಿಸುತ್ತದೆ. ಸಣ್ಣ .22 ತೋಟೆಯ ಗುಂಡೇ ಒಂದೂವರೆ ಕಿಲೋಮೀಟರಿನಷ್ಟು ಹೋಗಬಲ್ಲದು. ದೊಡ್ಡ ರೈಫಲಿನದು ನಾಲ್ಕು ಕಿಲೋಮೀಟರ್. ಬಿಲದ ಬಾಯಲ್ಲಿ ಕುಳಿತ ದಬ್ ನೆಲದಿಂದ ಒಂದು ಗೇಣು ಎತ್ತರವೂ ಇಲ್ಲ. ನೀನು ನೆಲಕ್ಕೆ ಅಂಟಿ ಮಲಗಿ ಹೊಡೆದರೆ ಗುಂಡು ಹೋಗುವುದು ಬಯಲಿಗೆ ಸಮಾನಾಂತರವಾಗಿ. ಗುಂಡು ಚಿಮ್ಮಿ ಹೋಗಲು ಇದಕ್ಕಿಂತ ಅನುಕೂಲವಾದ ಕೋನ ಇನ್ನೊಂದಿಲ್ಲ.

ನೀನು ಲೆಕ್ಕ ಇಷ್ಟಪಡುವವನು, ಲೆಕ್ಕದಲ್ಲೇ ಹೇಳುತ್ತೇನೆ. ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಟ ಹಗುರ ಗುಂಡಿಗೆ ಮುನ್ನೂರು ಮೀಟರ್ ಕ್ರಮಿಸಲು ಸುಮಾರು 0.4 ಸೆಕೆಂಡ್ ಬೇಕು. ಅಷ್ಟರಲ್ಲಿ ಭೂಮಿ ಅದನ್ನು ಮುಕ್ಕಾಲು ಮೀಟರ್ ಕೆಳಗೆಳೆದಿರುತ್ತದೆ. ದುರ್ಬೀನಿನ ತಿರುಪು ಸರಿಮಾಡಿಕೊಂಡು ಇದನ್ನು ನಿಭಾಯಿಸಬಹುದು, ಏಕೆಂದರೆ ಇದು ಪ್ರತಿ ಸಲವೂ ಒಂದೇ. ಗಾಳಿ ಹಾಗಲ್ಲ. ಗಂಟೆಗೆ 18 ಕಿಲೋಮೀಟರ್ ವೇಗದ ಅಡ್ಡಗಾಳಿ ಅದೇ ಗುಂಡನ್ನು ಮುನ್ನೂರು ಮೀಟರಿನಲ್ಲಿ ಒಂದಡಿಯಷ್ಟು ಪಕ್ಕಕ್ಕೆ ತಳ್ಳುತ್ತದೆ. ಇಲ್ಲಿಯ ಶಮಾಲ್ ಗಾಳಿಗೆ 18 ಕಿಲೋಮೀಟರ್ ಎಂದರೆ ಆಟ. ಇನ್ನು ಐನೂರು ಮೀಟರ್ ಎಂದರೆ ಸುಮಾರು ಮುಕ್ಕಾಲು ಸೆಕೆಂಡಿನ ಪಯಣ, ಎರಡೂವರೆ ಮೀಟರಿನ ಇಳಿತ. ಮುಕ್ಕಾಲು ಸೆಕೆಂಡಿನಲ್ಲಿ ಒಂದು ಪ್ರಾಣಿ ತಲೆ ತಿರುಗಿಸುತ್ತದೆ, ಒಂದು ಹೆಜ್ಜೆ ಇಡುತ್ತದೆ. ನೀನು ಹೊಡೆದದ್ದು ತಲೆಗೆ, ತಗಲಿದ್ದು ಹೊಟ್ಟೆಗೆ. ಹೊಟ್ಟೆಗೆ ತಗಲಿದ ದಬ್ ಬಿಲದೊಳಗೆ ಜಾರುತ್ತದೆ. ಮೀಟರುಗಟ್ಟಲೆ ಉದ್ದದ ಆ ಬಿಲದಲ್ಲಿ ಅದು ಎಷ್ಟು ದಿನ ನರಳಿತು ಎಂದು ಯಾರಿಗೂ ತಿಳಿಯುವುದಿಲ್ಲ. ಹೊಟ್ಟೆಯ ಗಾಯ ಏನೆಂದು ನಾನು ಮನುಷ್ಯರಲ್ಲಿ ನೋಡಿದ್ದೇನೆ, ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಇನ್ನೊಂದು ಸಂಗತಿ ಇಲ್ಲಿಗೇ ವಿಶೇಷ. ಹೊತ್ತು ಏರಿದಂತೆ ನೆಲದ ಮೇಲಿನ ಗಾಳಿ ಕುದಿಯಲು ಶುರುವಾಗುತ್ತದೆ. ದುರ್ಬೀನಿನಲ್ಲಿ ನೋಡಿದರೆ ಗುರಿ ಇದ್ದಲ್ಲಿ ಇರುವುದಿಲ್ಲ. ತೇಲುತ್ತದೆ, ನಡುಗುತ್ತದೆ, ಗಾಳಿ ಬೀಸುವ ಕಡೆಗೆ ಸರಿದಂತೆ ತೋರುತ್ತದೆ. ನಮ್ಮ ಹಿರಿಯರು ಬಿಸಿಲ್ಗುದುರೆ ಎಂದದ್ದು ಇದನ್ನೇ. ಬಿಸಿಯಾದ ತೆಳು ಗಾಳಿಯಲ್ಲಿ ಗುಂಡಿಗೆ ತಡೆ ಕಡಿಮೆ, ಆದ್ದರಿಂದ ಬೆಳಗ್ಗೆ ಕೂರಿಸಿದ ಲೆಕ್ಕ ಮಧ್ಯಾಹ್ನಕ್ಕೆ ಮೇಲೆ ಹೋಗುತ್ತದೆ. ಈ ಬಿಸಿಲ್ಗುದುರೆಯೊಳಗೆ ಗುರಿಯ ಆಚೆ ಸಾವಿರ ಮೀಟರಿನಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ನಿನಗೆ ಕಾಣುವುದಿಲ್ಲ. ನೀರಿನ ಹಾಗೆ ಹೊಳೆಯುವ ಒಂದು ಪಟ್ಟಿಯಲ್ಲಿ ಅವನು ಕರಗಿಹೋಗಿರುತ್ತಾನೆ.

ಅವನು ಯಾರು ಎಂದು ನಿನಗೆ ಗೊತ್ತಲ್ಲ? ಮರಳುಗಾಡಿನಲ್ಲಿ ಯಾರೂ ಇಲ್ಲ ಎಂಬುದು ಹೊಸದಾಗಿ ಬಂದವರ ಕಲ್ಪನೆ. ದೋಹಾ ಅಂಚಿನ ಮುಐದರ್‌ನಿಂದ ಪಶ್ಚಿಮಕ್ಕೆ ಗಾಡಿ ಬಿಟ್ಟು ಶಹಾನಿಯಾ ದಾಟಿ ನೋಡು. ರಸ್ತೆಯಿಂದ ಒಳಗೆ ಒಂಟೆ, ಕುರಿಗಳ ಇಜ್ಬಾಗಳಿವೆ, ಎಂದರೆ ದೊಡ್ಡಿಗಳು. ಅಲ್ಲಿ ತಗಡಿನ ಕೋಣೆಯಲ್ಲಿ ಮಲಗಿ, ಬೆಳಕು ಹರಿಯುವ ಮೊದಲೇ ಒಂಟೆಗಳ ಹಿಂದೆ ಹೊರಡುವವರು ಸುಡಾನಿನವರು, ಬಾಂಗ್ಲಾದವರು, ನೇಪಾಳದವರು, ನಮ್ಮ ಬಿಹಾರ, ಆಂಧ್ರ, ರಾಜಸ್ಥಾನದವರು. ಮಧ್ಯಾಹ್ನ ಸಣ್ಣ ದಿಬ್ಬದ ನೆರಳಿನಲ್ಲಿ ಕೂತು ಮನೆಗೆ ಫೋನ್ ಮಾಡುತ್ತಿರುತ್ತಾರೆ. ಎದ್ದು ನಿಂತರಷ್ಟೇ ಕಾಣಿಸುತ್ತಾರೆ. ಚಳಿಗಾಲದಲ್ಲಂತೂ ಝಿಕ್ರೀತ್‌ನಿಂದ ಸೀಲೈನ್‌ವರೆಗೆ ಕ್ಯಾಂಪುಗಳೇ ಕ್ಯಾಂಪುಗಳು, ಮಕ್ಕಳು ಸಣ್ಣ ಗಾಡಿಗಳಲ್ಲಿ ಎಲ್ಲೆಂದರಲ್ಲಿ ಓಡಾಡುತ್ತಿರುತ್ತಾರೆ. ಈ ದೇಶದಲ್ಲಿ ನೀನು ಎಸಿ ಕೋಣೆಯಲ್ಲಿ ಕೂತು ದುಡಿಯುತ್ತಿದ್ದೀಯ, ಅವನು ಬಯಲಲ್ಲಿ ದುಡಿಯುತ್ತಿದ್ದಾನೆ. ಇಬ್ಬರ ದುಡ್ಡಿಗೂ ಊರಲ್ಲಿ ಕಾಯುವವರಿದ್ದಾರೆ. ನಿನ್ನ ಹವ್ಯಾಸದ ಒಂದು ಗುಂಡು ಅವನ ದಿಕ್ಕಿಗೆ ಹೋಗಬಹುದು ಎಂಬ ಒಂದೇ ಅನುಮಾನ ಸಾಕು, ರೈಫಲನ್ನು ಕೆಳಗಿಡಲು.

ದಬ್‌ನ ಬಗ್ಗೆಯೂ ಸ್ವಲ್ಪ ತಿಳಿದುಕೋ. ಎರಡು ಕಿಲೋ ತೂಗುವ, ಎರಡಡಿಗೂ ಹೆಚ್ಚು ಉದ್ದದ, ಮುಳ್ಳುಬಾಲದ ಈ ಹಲ್ಲಿಯನ್ನು ನೋಡಿದರೆ ಹೆದರಿಕೆಯಾಗಬಹುದು, ಆದರೆ ಅದು ಸೊಪ್ಪು ತಿನ್ನುವ ಸಾಧು. ನೀರು ಕುಡಿಯುವುದಿಲ್ಲವೆಂದೇ ಹೇಳಬಹುದು. ತಿಂದ ಎಲೆಯ ತೇವವೇ ಅದರ ನೀರು. ಮೈಯಲ್ಲಿ ಹೆಚ್ಚಾದ ಉಪ್ಪನ್ನು ಮೂಗಿನ ಹೊಳ್ಳೆಯಿಂದ ಹೊರಗೆ ಹಾಕುತ್ತದೆ, ಹತ್ತಿರದಿಂದ ನೋಡಿದರೆ ಮೂಗಿನ ಸುತ್ತ ಬಿಳಿಯ ಪುಡಿ ಕಾಣುತ್ತದೆ. ಬೆಳಗ್ಗೆ ಬಿಲದಿಂದ ಬರುವಾಗ ಕಪ್ಪಗಿರುತ್ತದೆ, ಬೇಗ ಬಿಸಿಲು ಹೀರಲು. ಮೈ ಕಾದಂತೆ ಹಳದಿಗೆ ತಿರುಗುತ್ತದೆ. ಚಳಿಗಾಲ ಪೂರ್ತಿ ಬಿಲದೊಳಗೇ ಇದ್ದು ವಸಂತಕ್ಕೆ ಹೊರಬರುವ ಅದು, ನಿನ್ನ ಗೆಳೆಯ ಕರೆದ ಮಾರ್ಚ್ ತಿಂಗಳಲ್ಲಿ ಹಸಿದು, ಮೊಟ್ಟೆ ಇಡುವ ಕಾಲಕ್ಕೆ ಅಣಿಯಾಗುತ್ತಿರುತ್ತದೆ. ನಿಧಾನವಾಗಿ ಬೆಳೆದು ದಶಕಗಳ ಕಾಲ ಬಾಳುವ ಜೀವ. ಗ್ರೌಂಡ್‌ಹಾಗ್ ಹಾಗೆ ಎಲ್ಲೆಲ್ಲೂ ತುಂಬಿಕೊಂಡದ್ದಲ್ಲ. ಐಯುಸಿಎನ್ ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಬಲ್ಲ ಜೀವಿಗಳ ಸಾಲಿನಲ್ಲಿದೆ, ಅದರ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬರುತ್ತದೆ. ಇದು ಯಾರ ಹೊಲವನ್ನೂ ಹಾಳುಮಾಡುವುದಿಲ್ಲ, ಯಾರ ದನದ ಕಾಲನ್ನೂ ಮುರಿಯುವುದಿಲ್ಲ. ಇಲ್ಲಿಯ ಹಳಬರು ಇದನ್ನು ಹಿಂದಿನಿಂದಲೂ ತಿಂದುಕೊಂಡು ಬಂದವರು, ಅದರ ಬಗ್ಗೆ ನಾವು ಮೂಗು ಮುರಿಯಬಾರದು. ಆದರೆ ಹಸಿವಿಗೆ ಹಿಡಿದದ್ದು ಬೇರೆ, ಮುನ್ನೂರು ಮೀಟರಿನಿಂದ ಕೈ ಪರೀಕ್ಷೆಗೆ ಹೊಡೆದು ಅಲ್ಲೇ ಬಿಟ್ಟುಬರುವುದು ಬೇರೆ.

ದೂರಕ್ಕೆ ಹೊಡೆಯುವ ರೈಫಲೂ ಮರಳಿನಲ್ಲಿ ಓಡುವ ಗಾಡಿಯೂ ಒಟ್ಟಿಗೆ ಬಂದಾಗ ಈ ನೆಲದಲ್ಲಿ ಏನಾಯಿತೆಂದು ಶಹಾನಿಯಾದಲ್ಲಿ ಸಾಕಿರುವ ಓರಿಕ್ಸ್ ಹುಲ್ಲೆಗಳನ್ನು ನೋಡಿದರೆ ತಿಳಿಯುತ್ತದೆ. ಒಂಟೆಯ ಮೇಲೆ ಕೂತು ಬೇಟೆಯಾಡಿದ ನೂರಾರು ವರ್ಷ ಅರೇಬಿಯದ ಓರಿಕ್ಸ್ ಉಳಿದುಕೊಂಡಿತ್ತು. ಮೋಟಾರು ಗಾಡಿ, ಆಧುನಿಕ ಬಂದೂಕು ಬಂದ ಮೇಲೆ ಕೆಲವೇ ದಶಕಗಳಲ್ಲಿ ಮುಗಿಯಿತು. ಬಯಲಿನಲ್ಲಿ ಉಳಿದಿದ್ದ ಕೊನೆಯವನ್ನು 1972ರಲ್ಲಿ ಒಮಾನಿನಲ್ಲಿ ಕೊಂದರು. ಅದೃಷ್ಟಕ್ಕೆ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲೂ ಕತಾರಿನಂಥ ದೇಶಗಳ ಖಾಸಗಿ ಹಿಂಡುಗಳಲ್ಲೂ ಕೆಲವು ಬದುಕಿದ್ದವು. ಅವುಗಳ ಸಂತಾನವನ್ನೇ 1982ರಿಂದ ಮತ್ತೆ ಬಯಲಿಗೆ ಬಿಟ್ಟದ್ದು. ಇವತ್ತು ಅದು ಕತಾರಿನ ರಾಷ್ಟ್ರಪ್ರಾಣಿ, ವಿಮಾನದ ಬಾಲದ ಮೇಲೆ ಅದರದೇ ತಲೆ. ನಮ್ಮಲ್ಲೂ ನಡೆದದ್ದು ಇದೇ ಕತೆ. ಬಯಲುಸೀಮೆಯಲ್ಲಿ ಎಲ್ಲೆಲ್ಲೂ ಇದ್ದ ಕೃಷ್ಣಮೃಗಕ್ಕೆ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯ ಮಾಡಬೇಕಾಯಿತು. ಸಿರುಗುಪ್ಪದ ಎರೆಭೂಮಿಯ ಎರೆಬೂತ ಹಕ್ಕಿ ಈಗ ಕಣ್ಣಿಗೆ ಬಿದ್ದರೆ ಪತ್ರಿಕೆಗೆ ಸುದ್ದಿ. ಇಲ್ಲಿಯವರು ಗಿಡುಗ ಬಿಟ್ಟು ಹಿಡಿಯುವ ಹುಬಾರಾ ಅದೇ ಬಳಗದ ಹಕ್ಕಿ.

ಕಾನೂನಿನ ಮಾತು ಚುಟುಕಾಗಿ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡ. ಗೃಹ ಸಚಿವಾಲಯದ ಪರವಾನಗಿ ಇಲ್ಲದೆ ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದು ಇಲ್ಲಿ ಅಪರಾಧ. ಗೆಳೆಯನ ಕೋವಿಗೆ ಪರವಾನಗಿ ಇದ್ದರೆ ಅದು ಅವನ ಹೆಸರಿಗೆ, ನಿನ್ನ ಹೆಸರಿಗಲ್ಲ. ಸೆಪ್ಟೆಂಬರ್ ಹೊತ್ತಿಗೆ ಕತಾರಾ ಸಾಂಸ್ಕೃತಿಕ ಗ್ರಾಮದಲ್ಲಿ ನಡೆಯುವ ಸುಹೈಲ್ ಬೇಟೆ ಮತ್ತು ಗಿಡುಗಗಳ ಮೇಳಕ್ಕೆ ಹೋಗಿ ಕೋವಿಗಳ ಅಂಗಡಿಸಾಲು ನೋಡಿ ಬಂದಿದ್ದೀಯಲ್ಲ, ಅಲ್ಲಿ ಕೊಳ್ಳುವ ಹಕ್ಕು ಈ ದೇಶದ ನಾಗರಿಕರಿಗೆ, ಅದೂ ಪರವಾನಗಿಯ ಮೇಲೆ. ಯಾವ ಪ್ರಾಣಿ, ಯಾವ ತಿಂಗಳು, ಯಾವ ಸಾಧನ ಎಂದು ಪರಿಸರ ಸಚಿವಾಲಯ ಬೇಟೆಗೆ ನಿಯಮ ಹೊರಡಿಸುತ್ತದೆ. ಹಕ್ಕಿಗಳನ್ನು ಕರೆಯುವ ವಿದ್ಯುತ್ ಯಂತ್ರಗಳಿಗೂ ನಿಷೇಧವಿದೆ. ಪೊಲೀಸ್ ಕೇಸು ಒಂದು ಬಿದ್ದರೆ ನಿನ್ನ ಗೆಳೆಯ ತನ್ನ ಮನೆಯಲ್ಲೇ ಇರುತ್ತಾನೆ. ನಿನ್ನ ಕೆಲಸ, ವಾಸದ ಪರವಾನಗಿ, ಊರಲ್ಲಿ ಕಟ್ಟಿಸುತ್ತಿರುವ ಮನೆಯ ಸಾಲ ಎಲ್ಲವೂ ಒಂದೇ ದಾರಕ್ಕೆ ನೇತುಬೀಳುತ್ತವೆ.

ನಮ್ಮ ಕೊಡಗಿನವರಿಗೆ ಇನ್ನೊಂದು ಅಪಾಯ ಬೇರೆ ಇದೆ. ಮಡಿಕೇರಿಯ ಮನೆಯಲ್ಲಿ ಕೋವಿ ಎಂದರೆ ಕತ್ತಿ, ಹಾರೆಯಷ್ಟೇ ಸಹಜ. ಬ್ರಿಟಿಷರ ಕಾಲದಿಂದ ಬಂದ, ಕೋವಿ ಪರವಾನಗಿಯ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇವತ್ತಿಗೂ ಇದೆ, 2029ರವರೆಗೆ ಮುಂದುವರಿದಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ, ಕಾಡುಪ್ರಾಣಿ ಹೊಡೆಯಲು ಅಲ್ಲ. 1972ರ ವನ್ಯಜೀವಿ ಕಾಯ್ದೆ ನಮಗೂ ಒಂದೇ, ಬೇರೆಯವರಿಗೂ ಒಂದೇ. ನಾಗರಹೊಳೆಯ ರೇಂಜರ್ ಆಗಿ ಕಳ್ಳಬೇಟೆಗಾರರ ವಿರುದ್ಧ ಬದುಕಿಡೀ ನಿಂತ ಕೆ. ಎಂ. ಚಿಣ್ಣಪ್ಪನವರೂ ನಮ್ಮ ಕೊಡಗಿನ ಮಣ್ಣಿನವರೇ. ಕೋವಿಯ ಮನೆಯಲ್ಲಿ ಹುಟ್ಟಿದವನಿಗೆ ಅದಕ್ಕಿಂತ ದೊಡ್ಡ ಹೆಸರು ಬೇಕೆಂದು ನನಗನಿಸುವುದಿಲ್ಲ.

ಕೋವಿ ಇಷ್ಟು ಸಹಜವಾದ ಮನೆಯಲ್ಲಿ ತೋಟೆ ಕಣ್ಣಿಗೆ ಬೀಳುವುದೇ ಇಲ್ಲ, ಅಪಾಯ ಇರುವುದು ಅಲ್ಲೇ. ಹಾಗಾಗಿ ಊರಿನಿಂದ ಹೊರಡುವಾಗ ಬ್ಯಾಗನ್ನು ತಲೆಕೆಳಗು ಮಾಡಿ ಜಾಡಿಸು. ತೋಟಕ್ಕೆ ಒಯ್ದ ಬ್ಯಾಗನ್ನೇ ವಿಮಾನಕ್ಕೂ ಒಯ್ಯುವುದು ನಮ್ಮವರ ಅಭ್ಯಾಸ. ಪಕ್ಕದ ಜೇಬಿನಲ್ಲಿ ಮರೆತ ಒಂದು ತೋಟೆ, ಬೇಡ, ಮಕ್ಕಳು ಆಡಲು ಇಟ್ಟುಕೊಂಡ ಒಂದು ಖಾಲಿ ಚಿಪ್ಪು ಸಾಕು. ಕಣ್ಣೂರಾಗಲಿ, ಮಂಗಳೂರಾಗಲಿ, ಬೆಂಗಳೂರಾಗಲಿ, ಎಕ್ಸ್‌ರೇ ಯಂತ್ರದಲ್ಲಿ ಕಂಡ ಕೂಡಲೇ ನಿನ್ನನ್ನು ಸಾಲಿನಿಂದ ಹೊರಗೆ ನಿಲ್ಲಿಸುತ್ತಾರೆ. ಅಲ್ಲಿ ತಪ್ಪಿಸಿಕೊಂಡು ದೋಹಾದಲ್ಲಿ ಸಿಕ್ಕಿದರೆ ಇನ್ನೂ ಕಷ್ಟ. ಮರೆತಿದ್ದೆ ಎಂಬುದನ್ನು ಯಾರೂ ಒಪ್ಪುವುದಿಲ್ಲ.

ಹಾಗಾದರೆ ದೂರದ ಗುರಿಯ ಆಸೆಯನ್ನು ಏನು ಮಾಡಬೇಕು? ಬಿಡಬೇಡ. ಸರಿಯಾದ ಜಾಗಕ್ಕೆ ಒಯ್ಯಿ. ಲುಸೈಲ್ ಶೂಟಿಂಗ್ ಕಾಂಪ್ಲೆಕ್ಸ್ ಮುಐದರ್‌ನಿಂದ ಕಾರಿನಲ್ಲಿ ದೂರವೇನಲ್ಲ. 2006ರ ಏಷ್ಯನ್ ಗೇಮ್ಸ್‌ನ ಗುರಿಸ್ಪರ್ಧೆಗಳು ಅಲ್ಲೇ ನಡೆದವು. ಜ್ವರದಲ್ಲಿ ಕಾಯುತ್ತಲೇ ಜಸ್ಪಾಲ್ ರಾಣಾ ಮೂರು ಚಿನ್ನ ಗೆದ್ದದ್ದು, ಸೆಂಟರ್ ಫೈರ್ ಪಿಸ್ತೂಲಿನಲ್ಲಿ 590 ಅಂಕ ಹೊಡೆದು ವಿಶ್ವದಾಖಲೆಯನ್ನು ಸರಿಗಟ್ಟಿದ್ದು ಆ ಗೇಮ್ಸ್‌ನಲ್ಲೇ. ಆ ಕ್ರೀಡಾಕೂಟದ ಲಾಂಛನಪ್ರಾಣಿ ಓರಿಕ್ಸ್ ಆಗಿತ್ತು ಎಂಬುದು ನನಗೆ ಇಷ್ಟವಾದ ಸಂಗತಿ. ಮರಳಿನ ರ‍್ಯಾಲಿಗಳಲ್ಲಿ ಹೆಸರಾದ ನಾಸಿರ್ ಅಲ್ ಅತಿಯಾ ಕೂಡ ಶೂಟರ್ ತಾನೇ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಕಂಚು ತಂದವನು. ಲುಸೈಲ್‌ಗೆ ಒಮ್ಮೆ ಹೋಗಿ, ಹೊರಗಿನವರಿಗೆ ಏನೇನು ಅವಕಾಶವಿದೆ, ಯಾವ ಕಾಗದ ಬೇಕು ಎಂದು ಅಲ್ಲಿಯೇ ವಿಚಾರಿಸು. ಅಲ್ಲಿ ಗುಂಡು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗೋಡೆ ಕಟ್ಟಿ ಮೊದಲೇ ತೀರ್ಮಾನಿಸಿದ್ದಾರೆ, ನೀನು ನಿನ್ನ ಉಸಿರಿನ ಮೇಲೆ ಮಾತ್ರ ಗಮನ ಇಟ್ಟರೆ ಸಾಕು.

ಕಾಗದದ ಗುರಿ ಎಂದರೆ ಸಪ್ಪೆ ಎಂದುಕೊಳ್ಳಬೇಡ. ಹತ್ತು ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಸಣ್ಣದು. ಮುನ್ನೂರು ಮೀಟರ್ ಗುರಿಯಲ್ಲಿ ಹತ್ತರ ವೃತ್ತ ಹತ್ತು ಸೆಂಟಿಮೀಟರ್. ಮೊದಲ ಚುಕ್ಕೆಗೆ ಹತ್ತಿರ ಹತ್ತಿರ ಹೊಡೆಯಲು ಕಲಿತವನಿಗೆ ಎರಡನೆಯದರ ಅರ್ಧ ವಿದ್ಯೆ ಬಂದ ಹಾಗೆ; ಮಿಕ್ಕ ಅರ್ಧ ಗಾಳಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಎಂಜಿನಿಯರ್ ಕೆಲಸದಲ್ಲಿದ್ದವರು. ಊರಿಗೆ ಮರಳಿ ಪಿಸ್ತೂಲ್ ಹಿಡಿದು, 2013ರಲ್ಲಿ ಮುಖದ ಪಾರ್ಶ್ವವಾಯು ಬಂದರೂ ಬಿಡದೆ, 2014ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದು ರಿಯೊ ಒಲಿಂಪಿಕ್ಸ್‌ವರೆಗೆ ಹೋದರು. ಪರದೇಶದ ಕೆಲಸವೂ ಗುರಿಯ ಹುಚ್ಚೂ ಒಟ್ಟಿಗೆ ಇರಬಾರದೆಂದೇನೂ ಇಲ್ಲ. ಭಾರತದಲ್ಲಿ 4.5 ಮಿಲಿಮೀಟರಿನ, 20 ಜೂಲ್ ಶಕ್ತಿಯೊಳಗಿನ ಏರ್ ರೈಫಲ್‌ಗೆ ಪರವಾನಗಿ ಬೇಡ. ರಜೆಯಲ್ಲಿ ಊರಿಗೆ ಹೋದಾಗ ಒಂದು ಕೊಂಡು ಅಟ್ಟದ ಕೋಣೆಯಲ್ಲಿ ಹತ್ತು ಮೀಟರ್ ಅಳೆದು, ಹಿಂದೆ ದಪ್ಪ ಹಲಗೆಯೂ ಚಿಂದಿ ತುಂಬಿದ ಪೆಟ್ಟಿಗೆಯೂ ಇಟ್ಟು ಅಭ್ಯಾಸ ಮಾಡು. ಇಲ್ಲಿಗೆ ಮಾತ್ರ ಅದನ್ನು ತರುವ ಯೋಚನೆ ಬೇಡ.

ದೂರ ಮತ್ತು ಗಾಳಿಯನ್ನು ಓದಲು ರೈಫಲೇ ಬೇಕಿಲ್ಲ. ಝಿಕ್ರೀತ್ ಬಯಲಿನಲ್ಲಿ ಶಿಲ್ಪಿ ರಿಚರ್ಡ್ ಸೆರಾ 2014ರಲ್ಲಿ ನಿಲ್ಲಿಸಿದ ನಾಲ್ಕು ಉಕ್ಕಿನ ಹಲಗೆಗಳಿವೆ. ಒಂದು ಕಿಲೋಮೀಟರಿಗೂ ಮಿಕ್ಕಿ ಒಂದೇ ಸಾಲಿನಲ್ಲಿ ನಿಂತಿವೆ. ಹಲಗೆಗಳ ಎತ್ತರ ಬೇರೆ ಬೇರೆ, ಆದರೆ ನೆಲದ ಏರಿಳಿತಕ್ಕೆ ಹೊಂದಿಸಿ ತಲೆಗಳನ್ನು ಮಟ್ಟಮಾಡಿದ್ದಾರೆ. ಮೊದಲನೆಯದರ ಬಳಿ ನಿಂತು ಎರಡನೆಯದು, ಮೂರನೆಯದು ಎಷ್ಟು ದೂರ ಎಂದು ಊಹಿಸಿ ಬರೆದುಕೋ, ಆಮೇಲೆ ನಡೆದು ಹೆಜ್ಜೆ ಎಣಿಸು. ಬಯಲಿನಲ್ಲಿ ಕಣ್ಣು ಎಷ್ಟು ಮೋಸ ಮಾಡುತ್ತದೆ ಎಂದು ಅಂದೇ ಗೊತ್ತಾಗುತ್ತದೆ. ದುರ್ಬೀನಿನಲ್ಲಿ ಬಿಸಿಲ್ಗುದುರೆ ಯಾವ ಕಡೆಗೆ ಹರಿಯುತ್ತಿದೆ ನೋಡು. ಓರೆಯಾಗಿ ಹರಿದರೆ ಸಣ್ಣ ಗಾಳಿ, ನೆಲಕ್ಕೆ ಒರಗಿ ಹರಿದರೆ ಜೋರು ಗಾಳಿ, ನೆಟ್ಟಗೆ ಮೇಲೆ ಕುದಿದರೆ ಗಾಳಿ ನಿಂತಿದೆ ಅಥವಾ ನಿನ್ನ ದಿಕ್ಕಿಗೇ ಬೀಸುತ್ತಿದೆ. ಇದು ತಿಳಿದ ಮೇಲೆ ಲುಸೈಲ್‌ಗೆ ಹೋದರೆ ಅಲ್ಲಿಯ ತರಬೇತುದಾರರು ಹೇಳುವ ಮಾತು ಬೇಗ ತಲೆಗೆ ಹೋಗುತ್ತದೆ.

ಕ್ಯಾಂಪಿಗೆ ಹೋಗು. ಕರೆದವನ ಮನಸ್ಸು ನೋಯಿಸಬೇಡ, ಅವರ ಆತಿಥ್ಯ ದೊಡ್ಡದು. ಅವರ ಘಾವಾ ಕಾಫಿ ಕುಡಿ, ಸಾಕೆನಿಸಿದಾಗ ಲೋಟವನ್ನು ಸ್ವಲ್ಪ ಅಲ್ಲಾಡಿಸಿ ಕೊಡು. ಗಿಡುಗ ಇದ್ದರೆ ಅದರ ಕೆಲಸ ನೋಡು, ಕತಾರೂ ಸೇರಿದಂತೆ ಹಲವು ದೇಶಗಳ ಈ ವಿದ್ಯೆಯನ್ನು ಯುನೆಸ್ಕೊ 2010ರಲ್ಲೇ ಪರಂಪರೆಯ ಪಟ್ಟಿಗೆ ಸೇರಿಸಿದೆ. ರೈಫಲ್ ಹೊರಗೆ ಬಂದಾಗ ಮಾತ್ರ ನೇರವಾಗಿ ಹೇಳು: ನನ್ನ ಹೆಸರಿಗೆ ಪರವಾನಗಿ ಇಲ್ಲ, ಮುಟ್ಟುವುದಿಲ್ಲ. ಕಾರಣ ಹುಡುಕಬೇಡ, ಕೈ ನೋವು, ಕಣ್ಣು ಉರಿ ಎಂದು ಸುಳ್ಳು ಹೇಳಬೇಡ. ಸಭ್ಯ ಮನೆತನದ ಹುಡುಗನಾದರೆ ಅವನಿಗೆ ಅದು ಅರ್ಥವಾಗುತ್ತದೆ, ಮರ್ಯಾದೆಯೂ ಹೆಚ್ಚುತ್ತದೆ. ಬೇರೆಯವರು ಹೊಡೆಯುತ್ತಿದ್ದರೆ ಅವರ ಹಿಂದೆ, ಒಂದೇ ಸಾಲಿನಲ್ಲಿ ನಿಲ್ಲು. ಪಕ್ಕದಲ್ಲಿ, ಮುಂದೆ ಹೋಗಬೇಡ. ಕುಡಿದ ಯಾರ ಕೈಯಲ್ಲಾದರೂ ಕೋವಿ ಕಂಡರೆ ಆ ಕ್ಷಣವೇ ಗಾಡಿ ಹತ್ತಿ ಹೊರಡು, ಯಾರು ಏನೆಂದುಕೊಂಡರೂ ಸರಿ.

ಬೆಳಗ್ಗೆ ಒಂಬತ್ತರ ಹೊತ್ತಿಗೆ, ಅವರೆಲ್ಲ ಮಲಗಿರುವಾಗ, ದುರ್ಬೀನು ತೆಗೆದುಕೊಂಡು ಬಿಲದಿಂದ ಇನ್ನೂರು ಮೀಟರ್ ದೂರ ಗಾಡಿಯ ನೆರಳಿನಲ್ಲಿ ಕೂತುಕೋ. ಅಲುಗಾಡಬೇಡ, ದಬ್‌ಗೆ ನೆಲದ ಸಣ್ಣ ನಡುಕವೂ ತಿಳಿಯುತ್ತದೆ. ಮೊದಲು ಮೂಗು, ಆಮೇಲೆ ತಲೆ, ಬಹಳ ಹೊತ್ತಿನ ಮೇಲೆ ಮೈ ಹೊರಬರುತ್ತದೆ. ಎಷ್ಟು ಹೊತ್ತಿಗೆ ಕಪ್ಪು ಬಿಟ್ಟು ಹಳದಿಯಾಯಿತು, ಗಾಳಿ ಎತ್ತ ಇತ್ತು ಎಂದು ಬರೆದುಕೊಂಡು ಬಾ, ನನಗೂ ಓದುವ ಆಸೆ. ನಿನ್ನ ಹಳೆಯ ದುರ್ಬೀನಿನ ಒಂದು ಗಾಜು ಒಡೆದಿದೆಯಲ್ಲ. ನಮ್ಮ ಮನೆಯಲ್ಲಿ ಅಜ್ಜನದು ಇದೆ, ಗುರುವಾರ ಸಂಜೆ ಬಂದು ತೆಗೆದುಕೊಂಡು ಹೋಗು.